ಮಗಳ ತೂಕ, ಮಗಳ ಎತ್ತರ



2025ರಲ್ಲಿ ಸಿಗಂದೂರಿಗೆ ಸೇತುವೆ ಆಯಿತಲ್ಲ, ಅದಕ್ಕೂ ಮುಂಚಿನ ಮಾತು. ಲಾಂಚಿನಲ್ಲಿ ಶರಾವತಿಯ ಹಿನ್ನೀರು ದಾಟುತ್ತಿದ್ದೆ. ಪಕ್ಕದಲ್ಲಿ ಇಬ್ಬರು ತಾಯಂದಿರು. ಒಬ್ಬರ ಮಗಳಿಗೆ ಎಂಟೂವರೆ. ಮೈಕೈ ತುಂಬಿಕೊಂಡು ತರಗತಿಗೇ ಎತ್ತರವಂತೆ. ಇನ್ನೊಬ್ಬರ ಮಗಳಿಗೆ ಹನ್ನೆರಡು, ಕಡ್ಡಿಯಂಥ ಹುಡುಗಿ.

"ನಿಮ್ಮ ಪುಣ್ಯ ಕಣ್ರೀ. ನಮ್ಮವಳಿಗೆ ಉಂಡದ್ದು ಮೈಗೇ ಹತ್ತೋಲ್ಲ."

"ಪುಣ್ಯ ಏನು ಬಂತು! ಇವಳಿಗೆ ಆಗಲೇ ಎದೆ ಮೂಡ್ತಿದೆ. ರಾತ್ರಿ ಊಟ ಬಿಡಿಸಿದ್ದೀನಿ."

ಆ ಮಗು ಕಂಬಿಗೆ ಒರಗಿ ನೀರನ್ನೇ ನೋಡುತ್ತಿತ್ತು.

ಊಟ ಬಿಡಿಸುವುದು ಮದ್ದಲ್ಲ, ತಾಯಿ. ಮೈಯ ಕೊಬ್ಬಿನಲ್ಲಿ ಲೆಪ್ಟಿನ್ ಎಂಬ ರಸ ಹುಟ್ಟುತ್ತದೆ. 1994ರಲ್ಲಿ ಪತ್ತೆಯಾದ ಇದು 'ದಾಸ್ತಾನು ಸಾಕಷ್ಟಿದೆ' ಎಂದು ಮಿದುಳಿಗೆ ತಿಳಿಸುತ್ತದೆ. ಆದ್ದರಿಂದಲೇ ದುಂಡಗಿನ ಹುಡುಗಿಯರು ಸಾಮಾನ್ಯವಾಗಿ ತುಸು ಬೇಗ, ಸಣಕಲಿಯರು ತುಸು ತಡವಾಗಿ ಮೈನೆರೆಯುತ್ತಾರೆ. ವಂಶದ ಗುಣವೂ ಸೇರಿರುತ್ತದೆ.

ದುಂಡಗಿನವರು ಎತ್ತರವೂ ಬೇಗ ಬೆಳೆಯುತ್ತಾರೆ. ಆದರೆ ಮುಟ್ಟು ಶುರುವಾದ ಮೇಲೆ ಉಳಿಯುವ ಬೆಳವಣಿಗೆ ಸಾಮಾನ್ಯವಾಗಿ 5ರಿಂದ 7 ಸೆಂಟಿಮೀಟರ್ ಮಾತ್ರ. ಹಾಗಾಗಿ ಇಂದು ತರಗತಿಗೆ ಎತ್ತರವಾದವಳು ನಾಳೆ ಹಾಗೇ ಇರಬೇಕೆಂದಿಲ್ಲ. ಹಿಂದುಳಿದವಳು ಮುಂದೆ ಬೆಳೆದಾಳು.

ಕಣ್ಣಂದಾಜನ್ನೂ ನಂಬಬೇಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರ ಸುಮಾರಿಗೆ ಹುಟ್ಟಿದ ಶಿಶುಗಳನ್ನು ಅಳೆದು ನೋಡಿದರು. ಇಂಗ್ಲೆಂಡಿನ ಕೂಸುಗಳಿಗಿಂತ ತೂಕ ಕಡಿಮೆ. ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ!

ಹೀಗೆ ಮಾಡಿ:

* ಹುಟ್ಟುಹಬ್ಬಕ್ಕೊಮ್ಮೆ ಎತ್ತರ, ತೂಕ ಎರಡನ್ನೂ ಬರೆದಿಡಿ. ಮೈನೆರೆಯುವ ಮುಂಚೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಬೆಳೆಯಬೇಕು.

* ಹುಡುಗಿಗೆ ಎಂಟು ತುಂಬುವ ಮುಂಚೆ ಎದೆ ಮೂಡಿದರೆ, ಹದಿಮೂರಾದರೂ ಮೂಡದಿದ್ದರೆ, ಹದಿನೈದಾದರೂ ಮುಟ್ಟಾಗದಿದ್ದರೆ ಡಾಕ್ಟರಿಗೆ ತೋರಿಸಿ. ಹುಡುಗರಲ್ಲಿ ಒಂಬತ್ತಕ್ಕೆ ಮುಂಚೆ ಬದಲಾವಣೆ ಕಂಡರೂ ಅಷ್ಟೇ.

* ತೂಕ ಹೆಚ್ಚಾದರೆ ಚಿಪ್ಸು, ಬಿಸ್ಕತ್ತು, ಬಾಟಲಿ ಪಾನೀಯ ಕಡಿಮೆ ಮಾಡಿ. ಅನ್ನದ ಜೊತೆ ಸೊಪ್ಪಿನ ತಂಬುಳಿ, ಹೆಸರುಕಾಳಿನ ಪಲ್ಯ, ತಿನ್ನುವವರಾದರೆ ಮೊಟ್ಟೆ, ಮೀನು ಇರಲಿ. ಸಂಜೆ ಓಡಿ ಆಡಲಿ.

ಲಾಂಚಿನ ಆ ಇಬ್ಬರೂ ಹುಡುಗಿಯರು ಈ ಗಡಿಯೊಳಗೇ ಇದ್ದರು. ತಾಯಂದಿರಿಗೆ ಅಷ್ಟು ಹೇಳಿ, ಇನ್ನೊಂದು ಮಾತನ್ನೂ ಕಿವಿಯಲ್ಲಿ ಹೇಳಿದೆ: ಮಗಳ ಮೈಯ ಮಾತನ್ನು ನಾಲ್ಕು ಜನರೆದುರು ಆಡಬೇಡಿ. ಮುಟ್ಟಿನ ವಿಷಯ ಮೊದಲೇ, ಅವಳೊಬ್ಬಳಿಗೇ, ಮೆಲ್ಲಗೆ ತಿಳಿಸಿ.

ನಿಮ್ಮ ಮನೆ ಗೋಡೆಯ ಮೇಲೆ ಮಕ್ಕಳ ಎತ್ತರದ ಪೆನ್ಸಿಲ್ ಗೆರೆ ಇದೆಯೆ? ಇಲ್ಲದಿದ್ದರೆ ಇಂದೇ ಎಳೆಯಿರಿ.