ಚಾಕುವಿಗೆ ಸೆಂಟಿಮೀಟರ್ ಇದೆ, ‘ಕಾರಣ’ಕ್ಕೆ ಯಾವ ಸ್ಕೇಲು?

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಎರಡು ರಾತ್ರಿ ಟೆಂಟ್ ಹಾಕಿ, ಶೂ ತುಂಬಾ ಕೆಸರು ಮಾಡಿಕೊಂಡು ಮ್ಯಾಂಚೆಸ್ಟರ್ ಕಡೆ ಹೊರಟ ರೈಲಿನಲ್ಲಿ ಕೂತಿದ್ದೆವು. ಸೇಬು ಹೆಚ್ಚೋಣ ಅಂತ ಬ್ಯಾಗಿನ ಸೈಡ್ ಜೇಬಿನಿಂದ ಮಡಚುವ ಚಾಕು ತೆಗೆದೆ. ಎದುರಿಗೆ ಕೂತಿದ್ದವನು ನನ್ನ ಮೆಕ್ಯಾನಿಕಲ್ ಬ್ಯಾಚ್‌ಮೇಟ್, ಒಂಬತ್ತು ವರ್ಷದಿಂದ ಅಲ್ಲೇ ಇದ್ದಾನೆ. ಥಟ್ಟನೆ ನನ್ನ ಕೈ ಹಿಡಿದು ಟೇಬಲ್ ಕೆಳಗೆ ಇಳಿಸಿದ.

‘ಮಗಾ, ಅದು ಲಾಕ್ ಆಗತ್ತಾ?’

‘ಆಗತ್ತೆ. ಬೆರಳಿನ ಮೇಲೆ ಮಡಚಿಕೊಳ್ಳಲ್ಲ ಅಂತಾನೇ ತಗೊಂಡಿದ್ದು.’

‘ಮೊದ್ಲು ಒಳಗಿಡು.’

ಮ್ಯಾಂಚೆಸ್ಟರಿನಲ್ಲಿ ಇಳಿದು ಒಂದು ಬಿಯರ್ ಕುಡಿದು ಮನೆಗೆ ಹೋಗುವ ಪ್ಲಾನ್ ಇತ್ತು. ಅವನು ಒಪ್ಪಲಿಲ್ಲ. ಚಾಕುವನ್ನು ಟೆಂಟಿನ ಬಟ್ಟೆಯೊಳಗೆ ಸುತ್ತಿಸಿ, ಬ್ಯಾಗಿನ ತಳಕ್ಕೆ ತಳ್ಳಿಸಿ, ಸೀದಾ ಮನೆಗೆ ಕರೆದುಕೊಂಡು ಹೋದ. ಕ್ಯಾಂಪಿನಿಂದ ಮನೆಗೆ ಹೋಗುವವನ ಬ್ಯಾಗಿನಲ್ಲಿ ಚಾಕು ಇದ್ದರೆ ಅದಕ್ಕೊಂದು ಕಾರಣ ಇದೆ. ಅದೇ ಬ್ಯಾಗ್ ಹೊತ್ತು ಪಬ್ಬಿಗೆ ಹೋದರೆ ಆ ಕಾರಣ ಬಾಗಿಲಾಚೆ ಉಳಿಯುತ್ತದೆ. ಚಾಕು ಅದೇ, ಮನುಷ್ಯ ಅದೇ, ಅಂತರ ಅರ್ಧ ಗಂಟೆ.

ಆ ರಾತ್ರಿ ಕೂತು ಕಾನೂನು ಓದಿದೆ. ಬ್ರಿಟನ್ನಿನ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 139ನೇ ಸೆಕ್ಷನ್ ಪ್ರಕಾರ 3 ಇಂಚಿನೊಳಗಿನ, ಮಡಚುವ, ಲಾಕ್ ಆಗದ ಚಾಕುವನ್ನು ಕಾರಣವಿಲ್ಲದೆಯೂ ಇಟ್ಟುಕೊಳ್ಳಬಹುದು. ಬೇರೆ ಯಾವುದೇ ಅಲಗು ಸಾರ್ವಜನಿಕ ಜಾಗದಲ್ಲಿ ನಿಮ್ಮ ಬಳಿ ಇದ್ದರೆ ‘ಸರಿಯಾದ ಕಾರಣ’ ಇರಬೇಕು, ಮತ್ತು ಅದನ್ನು ತೋರಿಸಬೇಕಾದವರು ನೀವು. ಇಲ್ಲದಿದ್ದರೆ ನಾಲ್ಕು ವರ್ಷದವರೆಗೆ ಜೈಲು. ಲಾಕ್ ಆದ ಚಾಕು ಮಡಚುವ ಚಾಕು ಅಲ್ಲ ಅಂತ ಅಲ್ಲಿನ ಕೋರ್ಟುಗಳು ತೊಂಬತ್ತರ ದಶಕದಲ್ಲೇ ಹೇಳಿಬಿಟ್ಟಿವೆ. ಇಂಜಿನಿಯರಿಂಗ್ ಓದಿದ ನನಗೆ ಲಾಕ್ ಅಂದರೆ ಸೇಫ್ಟಿ. ಕಾನೂನಿಗೆ ಲಾಕ್ ಅಂದರೆ ಇರಿಯಲು ಅನುಕೂಲ.

ಬೇರೆ ದೇಶಗಳದ್ದನ್ನೂ ನೋಡಿದೆ. ಜಪಾನಿನಲ್ಲಿ 6 ಸೆಂಟಿಮೀಟರ್ ದಾಟಿದ ಅಲಗನ್ನು ಕೆಲಸ ಅಥವಾ ನ್ಯಾಯವಾದ ಕಾರಣವಿಲ್ಲದೆ ಒಯ್ಯುವಂತಿಲ್ಲ. ಚಿಕ್ಕದಿದ್ದರೆ ಬಚಾವ್ ಅಂದುಕೊಳ್ಳಬೇಡಿ, ಬಚ್ಚಿಟ್ಟುಕೊಂಡು ಓಡಾಡಿದರೆ ಸಣ್ಣ ಅಪರಾಧಗಳ ಕಾಯ್ದೆ ಇದೆ. ಕ್ಯಾಂಪಿಂಗ್ ಮುಗಿದ ಮೇಲೂ ಕಾರಿನಲ್ಲೇ ಮರೆತ ಚಾಕುವಿಗೆ ಅಲ್ಲಿ ಉತ್ತರ ಕೊಡಬೇಕಾಗುತ್ತದೆ. ಜರ್ಮನಿಯಲ್ಲಿ 12 ಸೆಂಟಿಮೀಟರ್‌ಗಿಂತ ಉದ್ದದ ಮಡಚದ ಅಲಗು, ಒಂದೇ ಕೈಯಲ್ಲಿ ತೆರೆದು ಲಾಕ್ ಮಾಡಬಹುದಾದ ಚಾಕು, ಇವೆರಡನ್ನೂ ಒಯ್ಯಲು ಕಾರಣ ಬೇಕು. ನಮ್ಮ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಮನೆಗೆಲಸ, ಕೃಷಿ, ವಿಜ್ಞಾನ, ಕೈಗಾರಿಕೆಗಾಗಿ ಮಾಡಿದ್ದನ್ನು ಮಾತ್ರ ಬಿಟ್ಟು.

ನೋಡೋಕೆ ಎಲ್ಲವೂ ಇಂಜಿನಿಯರಿಂಗ್ ಡ್ರಾಯಿಂಗ್ ಥರ. ಇಷ್ಟು ಉದ್ದ, ಇಷ್ಟು ಅಗಲ, ಮುಗೀತು. ಆದರೆ ಪ್ರತಿ ಕಾನೂನಿನ ಕೊನೆಯಲ್ಲೂ ಅಳತೆಗೆ ಸಿಗದ ಒಂದು ಪದ ಕೂತಿದೆ: ಕಾರಣ. ನಿಮ್ಮನ್ನು ಬಿಡುವುದೋ ಹಿಡಿಯುವುದೋ ನಿರ್ಧಾರ ಆಗುವುದು ಬಹುತೇಕ ಅಲ್ಲೇ.

ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಚಾಕುವನ್ನು ಪೂರ್ತಿ ನಿಷೇಧಿಸಿದರೆ ಅಡುಗೆಯವನು, ಬಡಗಿ, ಮೀನುಗಾರ ಎಲ್ಲರೂ ಅಪರಾಧಿಗಳೇ. ಪೂರ್ತಿ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆಗಳಿವೆ. 2024ರ ಜುಲೈನಲ್ಲಿ ಇಂಗ್ಲೆಂಡಿನ ಸೌತ್‌ಪೋರ್ಟ್‌ನ ಡ್ಯಾನ್ಸ್ ಕ್ಲಾಸಿಗೆ ನುಗ್ಗಿದ ಹದಿಹರೆಯದವನೊಬ್ಬ ಮೂರು ಪುಟ್ಟ ಹುಡುಗಿಯರನ್ನು ಕೊಂದ. ಮುಂದಿನ ತಿಂಗಳೇ ಜರ್ಮನಿಯ ಸೋಲಿಂಗನ್‌ನಲ್ಲಿ ಊರಹಬ್ಬದ ಗುಂಪಿನ ಮೇಲೆ ಚಾಕು ದಾಳಿ, ಮೂವರ ಸಾವು. ಸೋಲಿಂಗನ್ ಅಂದರೆ ಶತಮಾನಗಳಿಂದ ಚಾಕು-ಕತ್ತರಿಗಳಿಗೇ ಹೆಸರಾದ ಊರು. ಅದೇ ವರ್ಷ ಅಕ್ಟೋಬರ್ ಕೊನೆಗೆ ಜರ್ಮನಿ ಕಾನೂನು ಬಿಗಿ ಮಾಡಿತು, ಸಾರ್ವಜನಿಕ ಉತ್ಸವಗಳಿಗೆ ಚಾಕು ತರುವುದೇ ನಿಷೇಧವಾಯಿತು. ಇಂಥ ಸಾವುಗಳನ್ನು ನೋಡಿದ ಸಮಾಜ ‘ನಿನ್ನ ಜೇಬಿನಲ್ಲಿ ಇದ್ಯಾಕೆ?’ ಅಂತ ಕೇಳುವುದು ಸಹಜ.

ಪ್ರಶ್ನೆ ಇರುವುದು, ಯಾರನ್ನು ಕೇಳುತ್ತಾರೆ ಮತ್ತು ಯಾರ ಉತ್ತರವನ್ನು ನಂಬುತ್ತಾರೆ ಅನ್ನುವುದರಲ್ಲಿ.

ಸೌತ್‌ಪೋರ್ಟ್ ಕೊಲೆಗಳಾದ ಕೆಲವೇ ಗಂಟೆಗಳಲ್ಲಿ, ಕೊಂದವನು ದೋಣಿಯಲ್ಲಿ ಬಂದ ಆಶ್ರಯಾರ್ಥಿ ಅಂತ ಸುಳ್ಳು ಸುದ್ದಿ ಹಬ್ಬಿತು. ಮಸೀದಿಗೆ ಕಲ್ಲು ಬಿತ್ತು, ಆಶ್ರಯಾರ್ಥಿಗಳಿದ್ದ ಹೋಟೆಲ್‌ಗಳಿಗೆ ಬೆಂಕಿ ಇಡಲು ಹೋದರು. ಅವನು ಹುಟ್ಟಿದ್ದು ಬ್ರಿಟನ್ನಿನಲ್ಲೇ. ಸೋಲಿಂಗನ್ ಆರೋಪಿ ಸಿರಿಯಾದವನಾಗಿದ್ದ, ಹಾಗಾಗಿ ಜರ್ಮನಿಯ ಚರ್ಚೆ ದಿನ ಕಳೆಯುವುದರೊಳಗೆ ಚಾಕುವಿನಿಂದ ಗಡೀಪಾರಿಗೆ ಜಿಗಿಯಿತು. ಅಲಗಿನ ಬಗ್ಗೆ ಶುರುವಾದ ಮಾತು ಮೈಬಣ್ಣಕ್ಕೆ ಹೋಗಿ ನಿಲ್ಲುವುದಕ್ಕೆ ಎಷ್ಟು ಕಡಿಮೆ ಹೊತ್ತು ಸಾಕು ನೋಡಿ.

ಬೀದಿಯಲ್ಲಿ ಇದರ ಲೆಕ್ಕ ಸಿಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರು ತಡೆದು ತಪಾಸಣೆ ಮಾಡುವ ಪ್ರಮಾಣ ಬಿಳಿಯರಿಗೆ ಹೋಲಿಸಿದರೆ ಕಪ್ಪು ಜನರಲ್ಲಿ ಇತ್ತೀಚಿನ ವರ್ಷಗಳಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು. ಇದು ಅಲ್ಲಿನ ಸರ್ಕಾರದ್ದೇ ಅಂಕಿಅಂಶ. ಕೆಸರಿನ ಬೂಟು, ದುಬಾರಿ ಜಾಕೆಟ್ ಹಾಕಿದ ಬಿಳಿ ಕ್ಯಾಂಪರ್‌ನ ಬ್ಯಾಗನ್ನು ಯಾರೂ ಬಿಚ್ಚಿಸುವುದಿಲ್ಲ, ಹಾಗಾಗಿ ಅವನು ಕಾರಣ ಹೇಳುವ ಪ್ರಸಂಗವೇ ಬರುವುದಿಲ್ಲ. ನನ್ನ ಗೆಳೆಯ ರೈಲಿನಲ್ಲಿ ಹೆದರಿದ್ದು ಕಾನೂನು ಗೊತ್ತಿದ್ದಕ್ಕೆ ಮಾತ್ರ ಅಲ್ಲ, ತನ್ನ ಬಣ್ಣ ಗೊತ್ತಿದ್ದಕ್ಕೆ.

ಇದಕ್ಕೆ ಹೋಲಿಸಿದರೆ ಏರ್‌ಪೋರ್ಟೇ ವಾಸಿ ಅನ್ನಿಸುತ್ತದೆ. 2001ರ ಸೆಪ್ಟೆಂಬರ್ 11ರ ನಂತರ ಕ್ಯಾಬಿನ್ ಬ್ಯಾಗಿನ ನಿಯಮ ಎಲ್ಲರಿಗೂ ಗೊತ್ತು. ಯುರೋಪ್ 6 ಸೆಂಟಿಮೀಟರ್‌ವರೆಗೆ ಬಿಡುತ್ತದೆ. ಅಮೆರಿಕ 2013ರಲ್ಲಿ ಅಂಥದ್ದೇ ಸಡಿಲಿಕೆ ಘೋಷಿಸಿ, ವಿಮಾನ ಸಿಬ್ಬಂದಿ ತಿರುಗಿಬಿದ್ದ ಮೇಲೆ ಹಿಂತೆಗೆದುಕೊಂಡಿತು. ಇಂಡಿಯಾದಲ್ಲಿ ಚಾಕು ಚೆಕ್-ಇನ್ ಲಗೇಜಿಗೇ ಹೋಗಬೇಕು. ಸಿಖ್ಖರಿಗೆ ದೇಶದೊಳಗಿನ ವಿಮಾನಗಳಲ್ಲಿ 6 ಇಂಚಿನೊಳಗಿನ ಅಲಗಿನ ಕಿರ್ಪಾನಿಗೆ ವಿನಾಯಿತಿ ಇದೆ. ಮೊಮ್ಮಗುವನ್ನು ನೋಡಲು ಅಮೆರಿಕಕ್ಕೆ ಹೊರಟ ಅಜ್ಜಿಯ ಅಡಕತ್ತರಿ, ಅಮ್ಮನ ಈಳಿಗೆಮಣೆ, ನನ್ನ ಕ್ಯಾಂಪಿಂಗ್ ಚಾಕು ಎಲ್ಲಕ್ಕೂ ಒಂದೇ ಟ್ರೀಟ್‌ಮೆಂಟ್. ಸಾಲಿನಿಂದ ಯಾರನ್ನು ಪಕ್ಕಕ್ಕೆ ಕರೆಯುತ್ತಾರೆ ಅನ್ನುವುದು ಬೇರೆ ಕತೆ. ಆದರೆ ವಸ್ತುವಿನ ವಿಷಯದಲ್ಲಿ ಅಲ್ಲಿ ಯಾರೂ ನಿಮ್ಮ ಕಾರಣ ಕೇಳುವುದಿಲ್ಲ. ಪೆದ್ದು ನಿಯಮ, ಆದರೆ ಸಮಾನ ನಿಯಮ.

ಇಷ್ಟೆಲ್ಲ ಓದಿ ‘ಅಯ್ಯೋ, ವಿದೇಶದಲ್ಲಿ ಎಂಥಾ ತಾರತಮ್ಯ’ ಅಂತ ಬರೆದು ಮುಗಿಸಿಬಿಡಬಹುದಿತ್ತು. ಆದರೆ ಆ ರೈಲಿನಲ್ಲಿ ನನಗೆ ಆದ ಕಸಿವಿಸಿ ಹೊಸದಾಗಿತ್ತು, ಯಾಕೆಂದರೆ ನಮ್ಮೂರಲ್ಲಿ ಆ ಬಿಳಿ ಕ್ಯಾಂಪರ್‌ನ ಜಾಗದಲ್ಲಿ ಇರುವವನು ನಾನೇ.

ಬೆಂಗಳೂರಿನ ಪ್ರತಿ ರಸ್ತೆಯ ತಿರುವಿನಲ್ಲೂ ಎಳನೀರಿನವರ ಕೈಯಲ್ಲಿ ಮಚ್ಚು ಇದೆ. ಕೃಷಿಯ ಉಪಕರಣ, ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಅದೇ ಮಚ್ಚು ಹಿಡಿದು ರೀಲ್ಸ್ ಮಾಡಿದ್ದಕ್ಕೆ 2025ರ ಮಾರ್ಚಿನಲ್ಲಿ ಬಿಗ್ ಬಾಸ್ ಖ್ಯಾತಿಯ ಇಬ್ಬರನ್ನು ಪೊಲೀಸರು ಬಂಧಿಸಿದ್ದರು. ಇಲ್ಲಿಯವರೆಗೆ ಲೆಕ್ಕ ಸರಿ, ವಸ್ತುವಿಗಿಂತ ಉದ್ದೇಶ ಮುಖ್ಯ. ಲೆಕ್ಕ ತಪ್ಪುವುದು ಕಾಡಿಗೆ ಹೋದಾಗ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್, ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಯಾರೂ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ ಅನ್ನುತ್ತದೆ. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ಅನ್ವಯ. ‘ಆಯುಧ’ ಅಂದರೆ ಏನು ಅಂತ ಅದೇ ಕಾಯ್ದೆಯ ವ್ಯಾಖ್ಯೆ ನೋಡಿ: ಬಂದೂಕು, ಬಿಲ್ಲು-ಬಾಣ, ಬಲೆ, ಉರುಳುಗಳ ಜೊತೆ ಚಾಕುವೂ ಇದೆ. ಸೆಂಟಿಮೀಟರ್ ಲೆಕ್ಕವಿಲ್ಲ, ಕಾರಣದ ಮಾತೂ ಇಲ್ಲ. ಅಂದರೆ ಪುಷ್ಪಗಿರಿ ಅಭಯಾರಣ್ಯದೊಳಗಿರುವ ಕುಮಾರ ಪರ್ವತಕ್ಕೆ ಸ್ವಿಸ್ ನೈಫ್ ಜೇಬಿನಲ್ಲಿಟ್ಟು ಹತ್ತಿದ ಪ್ರತಿ ಟೆಕ್ಕಿಯೂ, ಕಾಗದದ ಮೇಲೆ, ಆಯುಧಧಾರಿ. ನಾನೂ ಸೇರಿ. ಘಟ್ಟದ ಎಷ್ಟೋ ಟ್ರೆಕ್ಕಿಂಗ್ ಗೇಟ್‌ಗಳಲ್ಲಿ ನನ್ನ ಬ್ಯಾಗು ತೆರೆಸಿದ್ದಾರೆ. ಹುಡುಕಿದ್ದು ಪ್ಲಾಸ್ಟಿಕ್ ಮತ್ತು ಬಾಟಲಿ. ಚಾಕು ಕಣ್ಣಿಗೆ ಬಿದ್ದರೂ ಯಾರೂ ಪ್ರಶ್ನೆ ಕೇಳಿಲ್ಲ.

ಈಗ ನಾಗರಹೊಳೆಯ ಜೇನುಕುರುಬನೊಬ್ಬನನ್ನು ಆ ಗೇಟಿನ ಮುಂದೆ ನಿಲ್ಲಿಸಿ. ಅವನ ಸೊಂಟದ ಕತ್ತಿಗೆ ನನ್ನ ಚಾಕುವಿಗಿಂತ ನೂರು ಪಟ್ಟು ಗಟ್ಟಿ ಕಾರಣ ಇದೆ: ಜೇನು, ಸೌದೆ, ಗೆಡ್ಡೆಗೆಣಸು, ದಾರಿ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಹಕ್ಕನ್ನೂ ಕೊಟ್ಟಿದೆ. ಆದರೆ ಬರಿಗೈಯಲ್ಲಿ ಜೇನು ಕೊಯ್ಯೋದು ಹೇಗೆ ಅಂತ ಎರಡು ಕಾಯ್ದೆಗಳೂ ಒಟ್ಟಿಗೆ ಕೂತು ಮಾತಾಡಿಲ್ಲ. ಒಂದು ಹಕ್ಕು ಕೊಡುತ್ತದೆ, ಇನ್ನೊಂದು ಉಪಕರಣವನ್ನು ಆಯುಧ ಅನ್ನುತ್ತದೆ. ನಡುವೆ ಉಳಿಯುವುದು ಗೇಟಿನಲ್ಲಿ ನಿಂತವರ ವಿವೇಚನೆ. ಆ ವಿವೇಚನೆಗೆ ನಾನು ಪ್ರವಾಸಿ, ಅವನು ಶಂಕಿತ.

ನಂಬಿಕೆಯನ್ನು ಕಾನೂನಿನಲ್ಲೇ ಬರೆದುಕೊಡುವುದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ಕಿರ್ಪಾನ್ ಧರಿಸುವುದು ಸಿಖ್ ಧರ್ಮಾಚರಣೆಯ ಭಾಗ ಅಂತ ಸಂವಿಧಾನದ 25ನೇ ವಿಧಿಯ ವಿವರಣೆಯೇ ಹೇಳುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕಿನ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಅದನ್ನು ಕಿತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಒಂದು ಸಮುದಾಯದ ಬಂದೂಕನ್ನು ಸಂಪ್ರದಾಯ ಅಂತ ಬರೆದುಕೊಳ್ಳಬಲ್ಲ ಪ್ರಭುತ್ವಕ್ಕೆ, ಪಕ್ಕದ ಕಾಡಿನ ಇನ್ನೊಂದು ಸಮುದಾಯದ ಕತ್ತಿಯನ್ನು ಉಪಕರಣ ಅಂತ ಬರೆಯಲು ಯಾಕೆ ಕೈ ಬರುವುದಿಲ್ಲ ಅಂತಷ್ಟೇ ಕೇಳುತ್ತಿದ್ದೇನೆ. ಅರಣ್ಯ ಹಕ್ಕು ಇರುವವರ ಜೀವನೋಪಾಯದ ಉಪಕರಣ 31ನೇ ಸೆಕ್ಷನ್ನಿನ ಆಯುಧವಲ್ಲ ಅಂತ ಒಂದು ಸಾಲು ಸೇರಿಸಿದರೆ ಸಾಕು. ಗೇಟಿನಲ್ಲಿ ಯಾರ ಮುಖವನ್ನೂ ಓದಬೇಕಾಗಿಲ್ಲ.

ಹೊರದೇಶಕ್ಕೆ ಟೆಂಟ್ ಹೊತ್ತು ಹೊರಟವರಿಗೆ ನಾಲ್ಕು ಮಾತು. ಹೋಗುವ ದೇಶದ್ದು ಮಾತ್ರವಲ್ಲ, ವಿಮಾನ ಬದಲಿಸುವ ದೇಶದ ನಿಯಮವನ್ನೂ ನೋಡಿ. ಚಾಕು ಚೆಕ್-ಇನ್ ಲಗೇಜಿನಲ್ಲಿ, ಒರೆಯೊಳಗೆ, ಬಟ್ಟೆಯಲ್ಲಿ ಸುತ್ತಿ ಇರಲಿ. ಕ್ಯಾಂಪಿನ ಹೊರಗೆ ಅದು ಜೇಬಿನಲ್ಲಲ್ಲ, ಬ್ಯಾಗಿನ ತಳದಲ್ಲಿರಲಿ, ಮತ್ತು ಬ್ಯಾಗ್ ಊರು ಸುತ್ತದೆ ಸೀದಾ ಮನೆಗೆ ಹೋಗಲಿ. ಯಾರಾದರೂ ಕೇಳಿದರೆ ‘ಸೇಫ್ಟಿಗೆ ಅಂತ ಇಟ್ಕೊಂಡಿದೀನಿ’ ಅಂತ ಮಾತ್ರ ಹೇಳಬೇಡಿ. ಬ್ರಿಟನ್ನಿನಲ್ಲಿ, ಜಪಾನಿನಲ್ಲಿ ಆತ್ಮರಕ್ಷಣೆ ಅನ್ನುವುದು ಒಪ್ಪುವ ಕಾರಣವಲ್ಲ, ನೀವೇ ಕೊಟ್ಟ ತಪ್ಪೊಪ್ಪಿಗೆ.

ನನ್ನ ಚಾಕು ವಾಪಸ್ ಬರಲಿಲ್ಲ. ಮ್ಯಾಂಚೆಸ್ಟರಿನ ಗೆಳೆಯನ ಅಡುಗೆಮನೆಯ ಡ್ರಾಯರಿನಲ್ಲಿದೆ, ಈರುಳ್ಳಿ ಹೆಚ್ಚುತ್ತದಂತೆ. ಮುಂದಿನ ಬಾರಿ ಘಟ್ಟದ ಗೇಟಿನಲ್ಲಿ ನನ್ನ ಬ್ಯಾಗು ತೆರೆಸದೆ ಕಳಿಸಿದರೆ, ಹಿಂದೆ ಯಾರನ್ನು ನಿಲ್ಲಿಸಿಕೊಂಡಿದ್ದಾರೆ ಅಂತ ಒಮ್ಮೆ ತಿರುಗಿ ನೋಡಬೇಕು ಅಂದುಕೊಂಡಿದ್ದೇನೆ.