ಕೋರ್ಸ್ ಚಿಕ್ಕದಿರಲಿ, ಕಲಿಕೆ ಅರ್ಧಂಬರ್ಧ ಆಗದಿರಲಿ

ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ನಮ್ಮ ತರಗತಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಮುಂದೇನು? ಸಿಇಟಿ, ನೀಟ್ ಬರೆಯುವವರಿಗೆ, ಡಿಗ್ರಿಗೆ ಸೇರುವವರಿಗೆ ನಮ್ಮ ಕಾಲೇಜಿನಲ್ಲಿ ಮಾರ್ಗದರ್ಶನ ಸಿಗುತ್ತದೆ. ಆದರೆ ಫಲಿತಾಂಶ ಬಂದ ಕೆಲವೇ ತಿಂಗಳಲ್ಲಿ ಮನೆಗೆ ನಾಲ್ಕು ಕಾಸು ತರಲೇಬೇಕಾದವರೂ ನಮ್ಮಲ್ಲಿದ್ದಾರೆ. ಅವರಲ್ಲಿ ಹಲವರು, ಅದರಲ್ಲೂ ವಿದ್ಯಾರ್ಥಿನಿಯರು, ಈಗ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸ್ ಬಗ್ಗೆ ವಿಚಾರಿಸುತ್ತಿದ್ದಾರೆ. ಬಸ್ ನಿಲ್ದಾಣದ ಗೋಡೆಯಲ್ಲಿ, ವಾಟ್ಸಾಪ್ ಗ್ರೂಪುಗಳಲ್ಲಿ ಅಂಥ ಕೋರ್ಸ್‌ಗಳ ಜಾಹೀರಾತಿಗೇನೂ ಬರವಿಲ್ಲ. ಆರೇ ತಿಂಗಳಲ್ಲಿ ನರ್ಸ್ ಆಗಬಹುದು, ಉದ್ಯೋಗ ಖಚಿತ ಎಂದು ಅವು ಹೇಳುತ್ತವೆ.

ಬೇಗ ಮುಗಿಯುವ, ಕಡಿಮೆ ಖರ್ಚಿನ ಕೋರ್ಸ್ ಹುಡುಕುವುದು ತಪ್ಪಲ್ಲ. ಮನೆಯ ಪರಿಸ್ಥಿತಿ ಹಾಗಿದ್ದರೆ ಅದೇ ಜಾಣತನ. ಆದರೆ ಹಣ ಕಟ್ಟುವ ಮೊದಲು ನಾವು ಏನನ್ನು ಕೊಳ್ಳುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಆ ತಿಳಿವಳಿಕೆ ಕೊಡುವ ಹೊಣೆ ಕಾಲೇಜಿಗೂ ಇದೆ ಎಂಬುದು ನನ್ನ ಅಭಿಪ್ರಾಯ.

ಮೊದಲ ವಿಷಯ, ಆರು ತಿಂಗಳಲ್ಲಿ ಯಾರೂ ನರ್ಸ್ ಆಗುವುದಿಲ್ಲ. ನಮ್ಮ ದೇಶದಲ್ಲಿ ನರ್ಸ್ ಆಗಲು ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ ನರ್ಸಿಂಗ್ ಓದಿ, ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಬೇಕು. ಎರಡು ವರ್ಷದ ಎಎನ್‌ಎಂ ಓದಿದವರಿಗೂ ಅಲ್ಲಿ ನೋಂದಣಿಯಿದೆ. ಮೂರರಿಂದ ಆರು ತಿಂಗಳ ಕೋರ್ಸ್ ಮುಗಿಸಿದವರು ನರ್ಸಿಂಗ್ ಸಹಾಯಕರು. ಸರ್ಕಾರಿ ಕೌಶಲ ಯೋಜನೆಗಳಲ್ಲಿ ಈ ಹುದ್ದೆಗೆ 'ಜನರಲ್ ಡ್ಯೂಟಿ ಅಸಿಸ್ಟೆಂಟ್', ಅಂದರೆ ಜಿಡಿಎ, ಎಂಬ ಹೆಸರಿದೆ. ಇವರ ಹೆಸರು ಕೌನ್ಸಿಲಿನ ರಿಜಿಸ್ಟರಿಗೆ ಸೇರುವುದಿಲ್ಲ. ಇದನ್ನು ಮುಚ್ಚಿಟ್ಟು ಪ್ರವೇಶ ಕೊಡುವ ಸಂಸ್ಥೆ ಬೇರೇನು ಮುಚ್ಚಿಡುತ್ತಿದೆಯೋ ಎಂದು ಅನುಮಾನ ಪಡಲೇಬೇಕು.

ಸಹಾಯಕರ ಕೆಲಸ ಸಣ್ಣದೇನಲ್ಲ. ಹಾಸಿಗೆ ಸರಿಪಡಿಸುವುದು, ಮೈ ಒರೆಸುವುದು, ಊಟ ಮಾಡಿಸುವುದು, ಬೆಡ್‌ಪ್ಯಾನ್ ಕೊಡುವುದು, ಜ್ವರ, ನಾಡಿ, ಬಿಪಿ ನೋಡಿ ಬರೆಯುವುದು, ಏಳಲಾಗದ ರೋಗಿಯನ್ನು ಆಗಾಗ ಮಗ್ಗುಲು ಬದಲಿಸಿ ಮಲಗಿಸಿ ಬೆನ್ನಿಗೆ ಹುಣ್ಣಾಗದಂತೆ ಕಾಪಾಡುವುದು ಅವರ ಕೆಲಸ. ಬಳಸಿದ ಸೂಜಿ ಬಿಳಿ ಡಬ್ಬಕ್ಕೆ, ರಕ್ತ ಅಂಟಿದ ಹತ್ತಿ ಹಳದಿ ಚೀಲಕ್ಕೆ, ಡ್ರಿಪ್ಸ್‌ನ ಪ್ಲಾಸ್ಟಿಕ್ ಕೊಳವೆ ಕೆಂಪು ಚೀಲಕ್ಕೆ, ಗಾಜು ನೀಲಿ ಡಬ್ಬಕ್ಕೆ ಹೋಗಬೇಕು ಎಂಬ 2016ರ ವೈದ್ಯಕೀಯ ತ್ಯಾಜ್ಯ ನಿಯಮವೂ ತಿಳಿದಿರಬೇಕು. ಆದರೆ ಇಂಜೆಕ್ಷನ್ ಕೊಡುವುದು, ಡ್ರಿಪ್ಸ್ ಹಾಕುವುದು ಸಹಾಯಕರ ಕೆಲಸವಲ್ಲ. "ಇಂಜೆಕ್ಷನ್ ಹಾಕಲು ಕಲಿಸುತ್ತೇವೆ" ಎಂಬ ಆಸೆ ತೋರಿಸಿ ಕರೆಯುವವರಿಂದ ದೂರವಿರಿ. ನಾಳೆ ರೋಗಿಗೆ ತೊಂದರೆಯಾದರೆ ಉತ್ತರ ಕೊಡಬೇಕಾದವರು ನಾವು.

ಹಾಗಾದರೆ ಒಳ್ಳೆಯ ತರಬೇತಿಯನ್ನು ಗುರುತಿಸುವುದು ಹೇಗೆ? ಸೇರುವ ಮುನ್ನ ಈ ಪ್ರಶ್ನೆಗಳನ್ನು ಕೇಳಿ. ಪ್ರಮಾಣಪತ್ರ ಕೊಡುವವರು ಯಾರು, ಆ ಸಂಸ್ಥೆಯೇ ತನ್ನ ಮುದ್ರೆ ಒತ್ತಿ ಕೊಡುತ್ತದೆಯೋ, ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯಂಥ ಮಾನ್ಯತೆ ಪಡೆದ ಸಂಸ್ಥೆ ಕೊಡುತ್ತದೆಯೋ? ಕೊನೆಯ ಪರೀಕ್ಷೆ ನಡೆಸಲು ಹೊರಗಿನವರು ಬರುತ್ತಾರೆಯೇ? ಆಸ್ಪತ್ರೆಯಲ್ಲಿ ಎಷ್ಟು ದಿನ ಪ್ರಾಯೋಗಿಕ ತರಬೇತಿ, ಯಾವ ಆಸ್ಪತ್ರೆ? ಕಲಿಸುವವರು ನೋಂದಾಯಿತ ನರ್ಸ್‌ಗಳೇ? ಒಟ್ಟು ಶುಲ್ಕ ಎಷ್ಟು, ಸಮವಸ್ತ್ರ, ಪುಸ್ತಕ, ಪರೀಕ್ಷೆಯ ಹಣ ಅದರಲ್ಲೇ ಸೇರಿದೆಯೇ, ರಸೀದಿ ಕೊಡುತ್ತಾರೆಯೇ? ಕಳೆದ ವರ್ಷ ಕಲಿತವರು ಈಗ ಎಲ್ಲಿದ್ದಾರೆ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಎಸೆಸೆಲ್ಸಿ ಅಂಕಪಟ್ಟಿಯ ಮೂಲ ಪ್ರತಿಯನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತೇವೆ ಎನ್ನುವವರಿಗೆ ಜೆರಾಕ್ಸ್ ಮಾತ್ರ ಕೊಡಿ.

ನನ್ನ ಪರಿಚಯದ ಅಕ್ಕ ಒಬ್ಬರು ಚಿನ್ನ ಅಡವಿಟ್ಟು ಇಂಥ ಒಂದು ಕೋರ್ಸ್ ಮಾಡಿದರು. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ತರಗತಿ, ಆಸ್ಪತ್ರೆಯ ಬಾಗಿಲನ್ನೂ ನೋಡಲಿಲ್ಲ. ಕೆಲಸ ಕೇಳಲು ಹೋದ ಕಡೆ ಪ್ರಮಾಣಪತ್ರವನ್ನು ಬದಿಗಿಟ್ಟು, "ರೋಗಿಯನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಹೇಗೆ ಕೂರಿಸುತ್ತೀರಿ, ತೋರಿಸಿ" ಎಂದರಂತೆ. ಅವರಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಹಣವೂ ಹೋಯಿತು, ಒಂದು ವರ್ಷವೂ ಹೋಯಿತು.

ಹಣ ಕಟ್ಟದೆಯೇ ಕಲಿಯುವ ದಾರಿಗಳಿವೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯ ಅಲ್ಪಾವಧಿ ತರಬೇತಿ ಅಭ್ಯರ್ಥಿಗೆ ಉಚಿತ. 2014ರ ದೀನ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಹಳ್ಳಿಯ ಬಡ ಕುಟುಂಬಗಳ ಯುವಜನರಿಗಾಗಿ ಇರುವಂಥದ್ದು. ಅದರ ವಸತಿ ಕೇಂದ್ರಗಳಲ್ಲಿ ಊಟ, ವಸತಿಯೂ ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಕೌಶಲ್ಯಾಭಿವೃದ್ಧಿ ನಿಗಮವಿದೆ. ಎಲ್ಲ ಕೇಂದ್ರಗಳಲ್ಲೂ ಎಲ್ಲ ವರ್ಷವೂ ಜಿಡಿಎ ಬ್ಯಾಚ್ ಇರುವುದಿಲ್ಲ, ಆದ್ದರಿಂದ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಗೆ ಹೋಗಿ ವಿಚಾರಿಸಬೇಕು. ಕೆಲವು ಆಸ್ಪತ್ರೆಗಳು ತಾವೇ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸಿಕೊಳ್ಳುತ್ತವೆ. ಅಲ್ಲಿ ಎಷ್ಟು ವರ್ಷ ದುಡಿಯಬೇಕೆಂಬ ಕರಾರನ್ನು ಓದಿಯೇ ಸಹಿ ಹಾಕಬೇಕು.

ಚಿಕ್ಕ ಕೋರ್ಸ್ ಎಂದರೆ ಕಳಪೆ ಎಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ನರ್ಸಿಂಗ್ ಹೋಮುಗಳ ಸಹಾಯಕರಿಗೆ 1987ರ ಕಾನೂನಿನಂತೆ ಕನಿಷ್ಠ 75 ಗಂಟೆಗಳ ತರಬೇತಿ ಸಾಕು. ಆದರೆ ಅದರಲ್ಲಿ ಕನಿಷ್ಠ 16 ಗಂಟೆ ಮೇಲ್ವಿಚಾರಣೆಯಲ್ಲಿ ಪ್ರಾಯೋಗಿಕ ಕಲಿಕೆ ಇರಬೇಕು, ಪರೀಕ್ಷೆ ಪಾಸಾಗಬೇಕು, ರಾಜ್ಯದ ರಿಜಿಸ್ಟರಿನಲ್ಲಿ ಹೆಸರು ಬರಬೇಕು. ಈಗಾಗಲೇ ಕೆಲಸಕ್ಕೆ ಸೇರಿದವರಿಂದ ತರಬೇತಿಯ ಹಣ ವಸೂಲಿ ಮಾಡುವಂತಿಲ್ಲ. ಅಲ್ಲಿ ಗಂಟೆಗಳು ಕಡಿಮೆ, ಆದರೆ ಲೆಕ್ಕ ಕೇಳುವವರಿದ್ದಾರೆ. ನಮ್ಮಲ್ಲಿ ಲೆಕ್ಕ ಕೇಳುವ ಕೆಲಸವನ್ನು ಸದ್ಯಕ್ಕೆ ನಾವೇ ಮಾಡಬೇಕಾಗಿದೆ.

ಇನ್ನೊಂದು ಮಾತು ಕಲಾ ಮತ್ತು ವಾಣಿಜ್ಯ ವಿಭಾಗದ ಗೆಳತಿಯರಿಗೆ. ನಮಗೆ ನರ್ಸಿಂಗ್ ಬಾಗಿಲು ಮುಚ್ಚಿದೆ ಎಂದುಕೊಂಡು ಹಲವರು ಆರು ತಿಂಗಳ ಕೋರ್ಸ್‌ಗೆ ತೃಪ್ತರಾಗುತ್ತಾರೆ. ಬಿ.ಎಸ್ಸಿ ನರ್ಸಿಂಗಿಗೆ ವಿಜ್ಞಾನ ಬೇಕು ನಿಜ. ಆದರೆ ಜಿಎನ್‌ಎಂಗೆ ಯಾವ ವಿಭಾಗದಲ್ಲಿ ಪಿಯುಸಿ ಮಾಡಿದವರೂ, ಇಂಗ್ಲಿಷ್ ಓದಿದ್ದು ಶೇ. 40 ಅಂಕವಿದ್ದರೆ, ಅರ್ಜಿ ಹಾಕಬಹುದು. ವಿದ್ಯಾರ್ಥಿವೇತನದ ಬಗ್ಗೆ ತಾಲೂಕಿನ ಅಲ್ಪಸಂಖ್ಯಾತರ ಮಾಹಿತಿ ಕೇಂದ್ರದಲ್ಲಿ ಕೇಳಿ. ಮೂರು ವರ್ಷ ಓದಲು ಸಾಧ್ಯವಿದ್ದವರು ಆರು ತಿಂಗಳಿಗೆ ನಿಲ್ಲಬಾರದು. ಗಲ್ಫ್‌ನಲ್ಲಿ ನರ್ಸ್ ಆಗುವ ಕನಸಿದ್ದರೂ ಇದೇ ದಾರಿ, ಸಹಾಯಕರ ಪ್ರಮಾಣಪತ್ರದಿಂದ ಅಲ್ಲಿ ನರ್ಸ್ ಲೈಸೆನ್ಸ್ ಸಿಗದು.

ಮನೆಯಲ್ಲಿ ಹಿರಿಯರ ಆಕ್ಷೇಪವೂ ಇರುತ್ತದೆ. "ಇನ್ನೊಬ್ಬರ ಮಲ ಮೂತ್ರ ತೆಗೆಯಲು ಮಗಳನ್ನು ಓದಿಸಿದೆವಾ?" ಎನ್ನುತ್ತಾರೆ. ರಾತ್ರಿ ಪಾಳಿ, ಪರ್ದಾ, ಪುರುಷ ರೋಗಿಗಳ ಬಗ್ಗೆ ಅವರ ಆತಂಕವನ್ನು ನಾನು ಹಗುರವಾಗಿ ನೋಡುವುದಿಲ್ಲ. ಹೆರಿಗೆ ವಾರ್ಡು, ಮಕ್ಕಳ ವಾರ್ಡು, ಡಯಾಲಿಸಿಸ್ ಘಟಕ, ಮನೆಯಲ್ಲಿ ವೃದ್ಧೆಯರ ಆರೈಕೆ, ಹೀಗೆ ಆಯ್ಕೆಗಳಿವೆ. ವಸ್ತ್ರದ ಬಗ್ಗೆ ಸೇರುವಾಗಲೇ ಮಾತಾಡಿಕೊಳ್ಳಬಹುದು. ನಮ್ಮ ಉಮ್ಮಂದಿರು ಆಸ್ಪತ್ರೆಗೆ ದಾಖಲಾದಾಗ ಮೈ ಒರೆಸಲು ಹೆಣ್ಣುಮಕ್ಕಳೇ ಬೇಕೆಂದು ಕೇಳುವವರೂ ನಾವೇ ತಾನೆ? ಆ ಹೆಣ್ಣುಮಕ್ಕಳು ಯಾರ ಮನೆಯಿಂದ ಬರಬೇಕು? ಪ್ರವಾದಿಯವರ (ಸ) ಕಾಲದಲ್ಲಿ ರುಫೈದಾ ಅಲ್ ಅಸ್ಲಮಿಯ್ಯ (ರ) ಮಸೀದಿಯ ಬಳಿಯ ಡೇರೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದರು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ) ಅವರನ್ನು ಆರೈಕೆಗೆ ಸೇರಿಸಿದ್ದು ಆ ಡೇರೆಗೇ. ಈ ಕೆಲಸಕ್ಕೆ ನಮ್ಮ ದೀನಿನಲ್ಲಿ ಇರುವ ಗೌರವ ನಮ್ಮ ಮನೆಗಳಲ್ಲೂ ಸಿಗಬೇಕು.

ಗೌರವದ ಜೊತೆ ಸಂಬಳವೂ ಬೇಕು. ಆರಂಭದಲ್ಲಿ ಸಂಬಳ ಕಡಿಮೆ ಎಂಬುದನ್ನು ಮುಚ್ಚಿಡುವುದಿಲ್ಲ. ಕನಿಷ್ಠ ವೇತನ, ಇಎಸ್‌ಐ, ಪಿಎಫ್ ಬಗ್ಗೆ ಕೇಳುವುದು ದುರಾಸೆಯಲ್ಲ, ಹಕ್ಕು. ಸೇವೆ ಎಂಬ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದನ್ನು ನಾವು ಒಪ್ಪಬಾರದು.

ಕೊನೆಯದಾಗಿ ನಮ್ಮ ಕಾಲೇಜಿಗೆ ಮೂರು ವಿನಂತಿ. ಒಂದು, ಪರೀಕ್ಷೆಗೆ ಮುಂಚೆಯೇ ಜಿಲ್ಲೆಯ ಮಾನ್ಯತೆ ಇರುವ ತರಬೇತಿ ಕೇಂದ್ರಗಳ ಪಟ್ಟಿಯನ್ನು ಉಪನ್ಯಾಸಕರು ಪರಿಶೀಲಿಸಿ ನೋಟೀಸ್ ಬೋರ್ಡಿಗೆ ಹಾಕಲಿ. ಎರಡು, ಪರೀಕ್ಷೆ ಮುಗಿದ ಮೇಲೆ ಆಸಕ್ತರಿಗೆ ಹತ್ತಿರದ ಆಸ್ಪತ್ರೆಯಲ್ಲಿ ಒಂದು ವಾರ ಕೆಲಸ ನೋಡುವ ಅವಕಾಶ ಮಾಡಿಕೊಡಲಿ. ವಾಸನೆ, ರಕ್ತ, ರಾತ್ರಿ ನಿದ್ದೆಗೇಡು ತಮಗೆ ಆಗುತ್ತದೋ ಇಲ್ಲವೋ ಎಂದು ಹಣ ಕಟ್ಟುವ ಮೊದಲೇ ಅವರಿಗೆ ತಿಳಿಯುತ್ತದೆ. ಮೂರು, ಆಡಳಿತ ಮಂಡಳಿ ಜಮಾಅತ್‌ಗಳ ಜೊತೆ ಮಾತಾಡಲಿ. ಝಕಾತ್ ನಿಧಿಯಿಂದ ಎಂಬಿಬಿಎಸ್, ಇಂಜಿನಿಯರಿಂಗ್ ಓದುವ ಅರ್ಹ ಬಡ ಮಕ್ಕಳಿಗೆ ನೆರವಾಗುವುದು ಸಂತೋಷ. ಉಚಿತ ಕೋರ್ಸ್‌ಗೆ ಸೀಟು ಸಿಕ್ಕಿಯೂ ಬಸ್ ಚಾರ್ಜಿಗೆ ಹಣವಿಲ್ಲದ ಹುಡುಗಿಗೆ ಅದರ ಒಂದು ಸಣ್ಣ ಪಾಲು ಸಾಕು.

ಬೇಗ ದುಡಿಯಬೇಕಾದ ಅನಿವಾರ್ಯತೆ ಇರುವವರೇ ಬೇಗ ಮೋಸ ಹೋಗುವವರು. ಈ ವರ್ಷ ನಮ್ಮ ಬ್ಯಾಚಿನಿಂದ ಯಾರೂ ಹಾಗೆ ಮೋಸ ಹೋಗದಂತೆ ನೋಡಿಕೊಳ್ಳೋಣ. ರೋಗಿಗಳ ಸೇವೆಯ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ, ಆಮೀನ್.

— ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ