ಗುಜರಿಗೆ ಹಾಕುವ ಮುಂಚೆ ಒಂದು ಚೀಟಿ ಬರೆಯಿರಿ

ಪುರ್ತಗೇರಿಯ ಹಿರಿಯರಲ್ಲಿ, ಅಕ್ಕ-ತಂಗಿಯರಲ್ಲಿ, ಅಣ್ಣ-ತಮ್ಮಂದಿರಲ್ಲಿ, ಹಾಗೆಯೇ ರಾಜೂರು, ಗೋಗೇರಿ, ಮುಶಿಗೇರಿ, ಸೂಡಿ ಕಡೆಯ ನಮ್ಮವರೆಲ್ಲರಲ್ಲಿ ಕೈಮುಗಿದು ಕೇಳುತ್ತಿದ್ದೇನೆ.

ನಿಮ್ಮ ಮನೆಯಲ್ಲೋ ಶಾಲೆಯಲ್ಲೋ ಪಂಚಾಯತಿಯ ಗ್ರಂಥಾಲಯದಲ್ಲೋ ಒಂದು ಹಳೆಯ ಕಂಪ್ಯೂಟರ್ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿದ್ದರೆ, ದಯಮಾಡಿ ಅದನ್ನು ಗುಜರಿಯವನ ತಕ್ಕಡಿಗೆ ಹಾಕಬೇಡಿ. ಸ್ವಲ್ಪ ತಡೆಯಿರಿ. ಅದು ಕೆಟ್ಟಿದೆ ಎಂದು ಯಾರಾದರೂ ಹೇಳಿದ್ದರೆ, ಕೆಟ್ಟಿದ್ದು ಯಾವ ಭಾಗ ಎಂದು ಕೇಳಿ. ಬಹಳ ಸಲ ಬರುವ ಉತ್ತರ ಹೀಗಿರುತ್ತದೆ: “ಕೆಟ್ಟಿಲ್ಲರೀ, ಸ್ಲೋ ಆಗೇತಿ. ಇದರಾಗಿನ ವಿಂಡೋಸ್ ಹಳೇದಾತು, ಹೊಸದು ಇದಕ್ಕ ಹತ್ತಂಗಿಲ್ಲ. ಬ್ಯಾರೇದು ತಗೋರಿ.”

ಬಂಡಿಯ ಗಾಲಿಗೆ ಹಳಿ ಸವೆದರೆ ನಾವು ಕಮ್ಮಾರನ ಕಡೆ ಹೋಗಿ ಹೊಸ ಹಳಿ ಹಾಕಿಸುತ್ತೇವೆ. ಹಳಿ ಸವೆಯಿತೆಂದು ಬಂಡಿಯನ್ನೇ ಒಡೆದು ಒಲೆಗೆ ಹಾಕಿದವರನ್ನು ನಾನು ಕಂಡಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ನಾವು ಆ ಕೆಲಸ ಮಾಡುತ್ತಿದ್ದೇವೆ. ಅದರ ಹಳಿ ಯಾವುದು, ಬಂಡಿ ಯಾವುದು ಎಂದು ನಮಗೆ ಯಾರೂ ಬಿಡಿಸಿ ಹೇಳಿಲ್ಲ. ನನಗೆ ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಕಂಪ್ಯೂಟರಿನ ಯಂತ್ರ ಬೇರೆ, ಆ ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಬೇರೆ. ನಮ್ಮ ಕಡೆ ಹೆಚ್ಚಿನ ಯಂತ್ರಗಳಲ್ಲಿ ಇರುವುದು ವಿಂಡೋಸ್ 7 ಅಥವಾ ವಿಂಡೋಸ್ 10. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು. 2015ರಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಅವಧಿ ಕೊಟ್ಟರು, ಅಷ್ಟೇ. ಅದರ ಮುಂದಿನ ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೆಯ ಪೀಳಿಗೆಯ ಇಲ್ಲವೇ ಅದರ ನಂತರದ ಪ್ರೊಸೆಸರ್ ಬೇಕು. 2012ರಲ್ಲೋ 2014ರಲ್ಲೋ ಸಾಲ ಮಾಡಿ ಕೊಂಡ ಯಂತ್ರದಲ್ಲಿ ಇವು ಇರುವುದಿಲ್ಲ. ಯಂತ್ರ ಗಟ್ಟಿಯಾಗಿಯೇ ಇದೆ, ಹೊಸ ವಿಂಡೋಸ್ ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿಲ್ಲ.

ಇಂಥ ಹೊತ್ತಿನಲ್ಲಿ ಜನ ಎರಡು ದಾರಿ ಹಿಡಿಯುತ್ತಾರೆ. ಎರಡೂ ಬೇಡ ಎಂದು ನನ್ನ ಪ್ರಾರ್ಥನೆ.

ಮೊದಲನೆಯದು, ನಡೆಯುವಷ್ಟು ದಿನ ನಡೆಯಲಿ ಎಂದು ಬೆಂಬಲ ಮುಗಿದದ್ದನ್ನೇ ಇಟ್ಟುಕೊಳ್ಳುವುದು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಪಿಡುಗು ನೂರಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳೇ ತತ್ತರಿಸಿದವು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲಿ ಬಂದಿತ್ತು. ಅದನ್ನು ಹಾಕಿಕೊಳ್ಳದವರೇ ಸಿಕ್ಕಿಬಿದ್ದರು. ಬೆಂಬಲ ಮುಗಿದ ಯಂತ್ರಕ್ಕೆ ಅಂಥ ಅಪ್‌ಡೇಟ್ ಬರುವುದೇ ನಿಲ್ಲುತ್ತದೆ. ಅದೇ ಯಂತ್ರದಲ್ಲಿ ನಾವು ಆಧಾರ್ ಸಂಖ್ಯೆ ಬರೆಯುತ್ತೇವೆ, ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುತ್ತೇವೆ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತೇವೆ.

ಎರಡನೆಯದು, ಕದ್ದ ವಿಂಡೋಸನ್ನು ‘ಕ್ರ್ಯಾಕ್’ ಮಾಡಿ ಹಾಕಿಸುವುದು. ಬೀಗ ಒಡೆದವನು ಒಳಗೆ ಏನು ಬಿಟ್ಟು ಹೋದ ಎಂದು ಮನೆಯವರಿಗೆ ಗೊತ್ತಾಗುವುದಿಲ್ಲ. ಚಿಪ್ ಇಲ್ಲದಿದ್ದರೂ ವಿಂಡೋಸ್ 11 ಕೂರಿಸುವ ಅಡ್ಡದಾರಿಗಳಿವೆ, ನಿಜ. ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುತ್ತದೆಂಬ ಭರವಸೆಯನ್ನು ಕಂಪನಿ ಕೊಡುವುದಿಲ್ಲ. 2024ರಲ್ಲಿ ಬಂದ 24ಎಚ್2 ಆವೃತ್ತಿಯಂತೂ ಕೋರ್ 2 ಡ್ಯೂಯೊ ಕಾಲದ ಯಂತ್ರಗಳಲ್ಲಿ ಶುರುವೇ ಆಗುವುದಿಲ್ಲ.

ಮೂರನೆಯ ದಾರಿಯನ್ನು ನಾನು ನನ್ನ ಮನೆಯಲ್ಲೇ ಕಂಡೆ. ಮಗನ ಪಿಯುಸಿಗೆಂದು 2013ರಲ್ಲಿ ಕೊಂಡ ಡೆಸ್ಕ್‌ಟಾಪ್ ನಮ್ಮದು. ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಪರದೆ ತಿರುಗುತ್ತಲೇ ಇರುತ್ತಿತ್ತು. ಡಬ್ಬಿ ಬಿಚ್ಚಿದಾಗ ಫ್ಯಾನಿನ ಮೇಲೆ ನಮ್ಮ ಎರೆಹೊಲದ ಧೂಳು ಕಂಬಳಿಯಂತೆ ಕೂತಿತ್ತು. ಅದನ್ನು ಬ್ರಷ್ಷಿನಿಂದ ತೆಗೆದೆವು. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದೆವು. 4 ಜಿಬಿ ಇದ್ದ ರ್‍ಯಾಮನ್ನು 8 ಜಿಬಿ ಮಾಡಿದೆವು. ಆಮೇಲೆ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಕೂರಿಸಿದೆವು. ಅದಕ್ಕೆ ಹಣ ಕೊಡಬೇಕಿಲ್ಲ, ಕದಿಯಬೇಕಿಲ್ಲ. ಈಗ ಆ ಯಂತ್ರದಲ್ಲಿ ಪಹಣಿ ತೆಗೆಯುತ್ತೇವೆ, ಮೊಮ್ಮಗಳು ಪಾಠದ ವಿಡಿಯೊ ನೋಡುತ್ತಾಳೆ, ನಾನು ಈ ಮನವಿಯನ್ನು ಅದರಲ್ಲೇ ಬರೆದಿದ್ದೇನೆ.

ಇದು ಹೇಗೆ ಸಾಧ್ಯವಾಯಿತು ಎಂದು ತಿಳಿದುಕೊಂಡರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ದಾರಿ ತಪ್ಪಿಸಲಾರರು. ಹಳೆಯ ಹಾರ್ಡ್ ಡಿಸ್ಕಿನೊಳಗೆ ಒಂದು ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತದೆ. ಒಂದು ಮುಳ್ಳು ಅದರ ಮೇಲೆ ಓಡಾಡಿ ಮಾಹಿತಿ ಹುಡುಕುತ್ತದೆ. ಎಸ್‌ಎಸ್‌ಡಿಯಲ್ಲಿ ತಟ್ಟೆಯಿಲ್ಲ, ಮುಳ್ಳಿಲ್ಲ, ಕೇಳಿದ್ದು ಕೂಡಲೇ ಸಿಗುತ್ತದೆ. ಹಳೆಯ ಯಂತ್ರ ‘ಮುದಿ’ಯಾದಂತೆ ಕಾಣುವುದು ಹೆಚ್ಚಾಗಿ ಈ ಹುಡುಕಾಟದಿಂದ. ಇನ್ನು ರ್‍ಯಾಮ್ ಕೊಳ್ಳುವಾಗ ಡಿಡಿಆರ್2, ಡಿಡಿಆರ್3, ಡಿಡಿಆರ್4 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ ಎಂಬುದು ನೆನಪಿರಲಿ. ಹಳೆಯ ಪಟ್ಟಿಯನ್ನು ಬಿಚ್ಚಿ ಕಿಸೆಯಲ್ಲಿಟ್ಟುಕೊಂಡೇ ಗಜೇಂದ್ರಗಡದ ಪೇಟೆಗೆ ಹೋಗಿ. ಗಡಿಯಾರದ ಬ್ಯಾಟರಿಯನ್ನೂ ಮರೆಯಬೇಡಿ. ಮದರ್‌ಬೋರ್ಡ್ ಮೇಲೆ ನಾಣ್ಯದಂತೆ ಕೂತಿರುವ 3 ವೋಲ್ಟಿನ ಸಿಆರ್2032 ಸತ್ತರೆ, ಕರೆಂಟ್ ಹೋಗಿ ಬಂದಾಗಲೆಲ್ಲ ಯಂತ್ರದ ತಾರೀಕು ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಆಗ ಬ್ರೌಸರ್ ಪ್ರತಿ ಜಾಲತಾಣವನ್ನೂ ‘ಸುರಕ್ಷಿತವಲ್ಲ’ ಎನ್ನುತ್ತದೆ, ನಾವು ಇಂಟರ್ನೆಟ್ ಕೆಟ್ಟಿತೆಂದು ತಿಳಿಯುತ್ತೇವೆ.

ಹೊಸ ಸಿಸ್ಟಂ ಕೂರಿಸುವ ಮೊದಲು ಒಂದು ಕೆಲಸವನ್ನು ತಪ್ಪದೆ ಮಾಡಿ: ಇರುವ ಕಡತ, ಫೋಟೊ ಎಲ್ಲವನ್ನೂ ಬೇರೆ ಕಡೆ ತೆಗೆದಿಟ್ಟುಕೊಳ್ಳಿ. ಇದನ್ನು ನಾನು ನೋವಿನಿಂದ ಹೇಳುತ್ತಿದ್ದೇನೆ. ಹಿಂದೊಮ್ಮೆ ಅವಸರದಲ್ಲಿ ಯಂತ್ರವನ್ನು ಫಾರ್ಮ್ಯಾಟ್ ಹೊಡೆದು ಅವ್ವನ ಕೊನೆಯ ವರ್ಷಗಳ ಫೋಟೊಗಳನ್ನು ಕಳೆದುಕೊಂಡೆ. ಈಗ ನಮ್ಮಲ್ಲಿ ಉಳಿದಿರುವುದು ಗೋಡೆಯ ಮೇಲಿನ ಒಂದೇ ಪಟ. ಎಸ್‌ಎಸ್‌ಡಿ ಹಾಕಿಸಿದವರಿಗೆ ಇಲ್ಲೊಂದು ಅನುಕೂಲವಿದೆ. ತೆಗೆದ ಹಳೆಯ ಹಾರ್ಡ್ ಡಿಸ್ಕನ್ನು ಹಾಗೇ ಎತ್ತಿಡಿ. ಯುಎಸ್‌ಬಿ ಕೇಸಿನಲ್ಲಿ ಹಾಕಿದರೆ ಅದರಲ್ಲಿದ್ದದ್ದೆಲ್ಲ ಮತ್ತೆ ಸಿಗುತ್ತದೆ.

ಕೂರಿಸುವ ಬಗೆ ಕಷ್ಟದ್ದಲ್ಲ. ಲಿನಕ್ಸ್ ಮಿಂಟಿನ ಅಧಿಕೃತ ತಾಣದಿಂದ ಕಡತ ಇಳಿಸಿಕೊಂಡು, 8 ಜಿಬಿಯ ಪೆನ್ ಡ್ರೈವಿಗೆ ರೂಫಸ್ ಅಥವಾ ಬಲೀನಾ ಎಚರ್ ಎಂಬ ತಂತ್ರಾಂಶದಿಂದ ಬರೆಯಬೇಕು. ಯಂತ್ರ ಶುರುವಾಗುವಾಗ ಎಫ್12, ಎಫ್2, ಡಿಲೀಟ್ ಇಂಥ ಒಂದು ಕೀ ಒತ್ತಿ ಪೆನ್ ಡ್ರೈವಿನಿಂದ ಏಳಿಸಬೇಕು. ಯಾವ ಕೀ ಎಂಬುದು ಯಂತ್ರದ ಕಂಪನಿಗೆ ತಕ್ಕಂತೆ ಬದಲಾಗುತ್ತದೆ. ಹೀಗೆ ಎಬ್ಬಿಸಿದ ಸಿಸ್ಟಂ ನಿಮ್ಮ ಡಿಸ್ಕನ್ನು ಮುಟ್ಟದೆಯೇ ಓಡುತ್ತದೆ. ವೈಫೈ ಹತ್ತುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರ್ ಮಾತು ಕೇಳುತ್ತದೆಯೇ ಎಂದು ಅರ್ಧ ದಿನ ಕೂತು ನೋಡಿ. ಮನಸ್ಸಿಗೆ ಬಂದರೆ ಮಾತ್ರ ಕೂರಿಸಿ. ಮಿಂಟ್ 22ಕ್ಕೆ ಕನಿಷ್ಠ 2 ಜಿಬಿ ರ್‍ಯಾಮ್ ಬೇಕು, 4 ಇದ್ದರೆ ಹಿತ. ಅದಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ತೀರ ದುರ್ಬಲ ಯಂತ್ರಕ್ಕೆ ಅದರದೇ ಹಗುರ ರೂಪವಾದ ಎಕ್ಸ್‌ಎಫ್‌ಸಿಇ ಇದೆ. ನಿಮ್ಮದು 32 ಬಿಟ್ ವಿಂಡೋಸ್ ಎಂದು ಕೈ ಚೆಲ್ಲಬೇಡಿ. ಕೋರ್ 2 ಡ್ಯೂಯೊ ಮತ್ತು ಅದರ ನಂತರದ ಹೆಚ್ಚಿನ ಪ್ರೊಸೆಸರುಗಳು 64 ಬಿಟ್ ಸಿಸ್ಟಮನ್ನು ನಡೆಸಬಲ್ಲವು.

ಕನ್ನಡದ ಗತಿಯೇನು ಎಂದು ಹಲವರು ಕೇಳಿದ್ದಾರೆ. ಪರದೆಯಲ್ಲಿ ಕನ್ನಡ ಓದಲು ಬೇಕಾದ ಅಕ್ಷರಗಳು ಸಿಗುತ್ತವೆ. ಟೈಪಿಸಲು ಕೀಬೋರ್ಡಿನ ಪಟ್ಟಿಯಲ್ಲಿ ‘ಕಗಪ’ ವಿನ್ಯಾಸ ಇದೆ. ನುಡಿ ತಂತ್ರಾಂಶದಲ್ಲಿ ನಮ್ಮ ಬೆರಳು ಪಳಗಿರುವ, ಕೆ.ಪಿ. ರಾವ್ ಅವರು ರೂಪಿಸಿದ ಕ್ರಮದ ಬಳಗದ್ದೇ ಅದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದಿಟ್ಟ ಕಡತಗಳು ಮಾತ್ರ ಮೊದಲ ನೋಟಕ್ಕೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಅವನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಸಂಘದ ನಡಾವಳಿ, ಜಾತ್ರೆಯ ಲೆಕ್ಕ, ಹಿರಿಯರ ಭಜನೆ ಪದಗಳ ಸಂಗ್ರಹ ಇಂಥವು ಹಳೆಯ ಫಾಂಟಿನಲ್ಲಿ ಸಿಕ್ಕಿಕೊಂಡಿದ್ದರೆ, ಈ ನೆಪದಲ್ಲಿಯಾದರೂ ಅವನ್ನು ಬಿಡಿಸಿ.

ಎಲ್ಲರಿಗೂ ಇದೇ ಮದ್ದು ಎಂದು ನಾನು ಹೇಳಲಾರೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವರು, ಬೆರಳಚ್ಚಿನ ಯಂತ್ರ ಅಥವಾ ಡಿಜಿಟಲ್ ಸಹಿಯ ಟೋಕನ್ ಬಳಸುವ ಸೇವಾ ಕೇಂದ್ರದವರು ತಮ್ಮ ಕೆಲಸದ ಯಂತ್ರವನ್ನು ಬದಲಿಸುವ ಮುಂಚೆ ಪೂರ್ತಿ ಪರೀಕ್ಷಿಸಬೇಕು. ಕೆಲವು ಹಳೆಯ ಲೇಸರ್ ಪ್ರಿಂಟರುಗಳನ್ನು ಲಿನಕ್ಸಿಗೆ ಹೊಂದಿಸುವುದು ತ್ರಾಸು. ಎಂಟನೆಯ ಪೀಳಿಗೆಯ ಇಲ್ಲವೇ ಅದರ ನಂತರದ ಯಂತ್ರವಿದ್ದು, ಅಸಲಿ ವಿಂಡೋಸ್ 10 ಇದ್ದರೆ, ಯಂತ್ರದ ಬಯಾಸ್ ಸೆಟ್ಟಿಂಗಿನಲ್ಲಿ ಟಿಪಿಎಂ ಆನ್ ಮಾಡಿ ದುಡ್ಡಿಲ್ಲದೆ ವಿಂಡೋಸ್ 11ಕ್ಕೆ ಹೋಗಿ. ಓದು, ಬರಹ, ಅರ್ಜಿ, ಪಾಠಕ್ಕೆ ಬಳಸುವ ಉಳಿದ ಯಂತ್ರಗಳಿಗೆ ಲಿನಕ್ಸಿನ ದಾರಿ ಸಾಕು.

ಶಾಲೆಯ ಗುರುಗಳಿಗೆ ಅನುಮಾನವಿದ್ದರೆ ಕಾಸರಗೋಡಿನ ಕಡೆ ನೋಡಬಹುದು. ಕೇರಳದ ಸರ್ಕಾರಿ ಶಾಲೆಗಳಿಗೆ ಅಲ್ಲಿನ ‘ಕೈಟ್’ ಸಂಸ್ಥೆ ಉಬುಂಟು ಎಂಬ ಲಿನಕ್ಸಿನ ಆಧಾರದ ಸಿಸ್ಟಮನ್ನು ತಾನೇ ಸಿದ್ಧಪಡಿಸಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅವರ ಕೈಗೆ ಒಗ್ಗಿದ್ದು ನಮ್ಮ ಮಕ್ಕಳ ಕೈಗೂ ಒಗ್ಗುತ್ತದೆ.

ಒಬ್ಬೊಬ್ಬರೇ ಪೇಟೆಗೆ ಓಡಾಡುವುದಕ್ಕಿಂತ ಕೂಡಿ ಮಾಡೋಣ ಎಂಬುದು ನನ್ನ ಆಸೆ. ಕೂಡಿ ಮಾಡುವುದು ನಮ್ಮ ಜಿಲ್ಲೆಗೆ ಹೊಸದಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದರು. ಆ ಊರಿಗೂ ನಮ್ಮೂರಿಗೂ ಒಂದೇ ಜಿಲ್ಲೆಯ ಹೆಸರು. ಅಂದು ಅವರು ಬಡ್ಡಿಗೆ ಸಾಲ ಕೊಡುವವನ ಮನೆಬಾಗಿಲಿಗೆ ಹೋಗುವ ರೈತನನ್ನು ತಡೆದರು. ಇಂದು ನಾವು ಬೇಡದ ಹೊಸ ಯಂತ್ರಕ್ಕೆ ಕಂತು ಕಟ್ಟುವ ತಂದೆ-ತಾಯಿಯನ್ನಾದರೂ ತಡೆಯಬಹುದು.

ಆದ್ದರಿಂದ ಪ್ರತಿ ಮನೆಯವರೂ ಒಂದು ಚೀಟಿ ಬರೆಯಿರಿ. ಯಂತ್ರ ಕೊಂಡ ವರ್ಷ, ಪ್ರೊಸೆಸರಿನ ಹೆಸರು, ರ್‍ಯಾಮ್ ಎಷ್ಟು, ಡಿಸ್ಕ್ ಎಷ್ಟು, ಯಾವ ವಿಂಡೋಸ್, ಈಗಿನ ತೊಂದರೆ ಏನು, ಇಷ್ಟು ಸಾಕು. ಪ್ರೊಸೆಸರ್ ಐ3-3220 ಎಂದಿದ್ದರೆ ಮೂರನೆಯ ಪೀಳಿಗೆ, ಐ5-8400 ಎಂದಿದ್ದರೆ ಎಂಟನೆಯದು. ಇಂಥ ನಾಲ್ಕಂಕಿಯ ಹಳೆಯ ಹೆಸರುಗಳಲ್ಲಿ ಗೆರೆಯ ನಂತರದ ಮೊದಲ ಅಂಕಿಯೇ ಸಾಮಾನ್ಯವಾಗಿ ಅದನ್ನು ಹೇಳುತ್ತದೆ. ಚೀಟಿಗಳು ಒಂದು ಕಡೆ ಸೇರಿದರೆ, ಯಾವ ರ್‍ಯಾಮ್ ಎಷ್ಟು ಬೇಕು, ಎಸ್‌ಎಸ್‌ಡಿ ಎಷ್ಟು ಬೇಕು ಎಂದು ಲೆಕ್ಕ ಹಾಕಿ ಒಟ್ಟಿಗೆ ತರಬಹುದು. ಒಂದು ಕೆಟ್ಟ ಯಂತ್ರದ ಒಳ್ಳೆಯ ರ್‍ಯಾಮ್ ಇನ್ನೊಂದು ಯಂತ್ರವನ್ನು ಬದುಕಿಸಬಹುದು.

ಶಾಲಾಭಿವೃದ್ಧಿ ಸಮಿತಿಯವರು, ಪಂಚಾಯತಿ ಸದಸ್ಯರು ಶಾಲೆಯ ಮತ್ತು ಅರಿವು ಕೇಂದ್ರ ಎನ್ನುವ ಪಂಚಾಯತಿ ಗ್ರಂಥಾಲಯದ ಯಂತ್ರಗಳ ಚೀಟಿಯನ್ನು ಬರೆಸಿ, ಬೇಕಾದ ಅನುಮತಿಯನ್ನು ಮೊದಲೇ ಪಡೆಯಿರಿ. ಐಟಿಐ, ಡಿಪ್ಲೊಮಾ, ಬಿಸಿಎ ಓದುವ ಹುಡುಗ-ಹುಡುಗಿಯರು ಒಂದು ರವಿವಾರ ಊರಿಗೆ ಕೊಡಿ. ಬೆಂಗಳೂರು, ಪುಣೆ ಸೇರಿದ ನಮ್ಮ ಮಕ್ಕಳು ಹಬ್ಬಕ್ಕೆ ಬರುವಾಗ ಒಂದು ಎಸ್‌ಎಸ್‌ಡಿ, ಒಂದು ಬರೆದಿಟ್ಟ ಪೆನ್ ಡ್ರೈವ್ ತನ್ನಿ. ರಿಪೇರಿ ಅಂಗಡಿಯ ಅಣ್ಣಂದಿರೇ, ನಿಮ್ಮ ದುಡಿಮೆಯ ಕೂಲಿಯನ್ನು ನಾವು ಸಂತೋಷದಿಂದ ಕೊಡುತ್ತೇವೆ. ‘ಬ್ಯಾರೇದು ತಗೋರಿ’ ಎನ್ನುವ ಮೊದಲು ಇದನ್ನೊಮ್ಮೆ ಮಾಡಿ ನೋಡಿ.

ನಿಜವಾಗಿಯೂ ಸತ್ತ ಯಂತ್ರಗಳೂ ಇರುತ್ತವೆ. ಅವುಗಳ ವೈರನ್ನು ತಾಮ್ರಕ್ಕಾಗಿ ಹಿತ್ತಿಲಲ್ಲಿ ಸುಡಬೇಡಿ. ಆ ಹೊಗೆ ಮಕ್ಕಳ ಎದೆಗೆ ಹೋಗುತ್ತದೆ, ಬೂದಿಯ ಸೀಸ ಮಣ್ಣಿಗೆ ಹೋಗುತ್ತದೆ. 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇರುವುದು ನೂರಕ್ಕೆ ಸುಮಾರು 22 ಪಾಲಿಗೆ ಮಾತ್ರ. ಉಳಿದದ್ದರಲ್ಲಿ ಎಷ್ಟೋ ಪಾಲು ಯಾರದೋ ಹೊಲದ ಬದುವಿನಲ್ಲಿ, ಯಾರದೋ ಕೆರೆಯ ದಂಡೆಯಲ್ಲಿ ಬಿದ್ದಿರುತ್ತದೆ. ನಮ್ಮ ಪಾಲಿನದು ನಮ್ಮ ಹಳ್ಳದಲ್ಲಿ ಬೀಳದಿರಲಿ. ನೋಂದಾಯಿತ ಸಂಸ್ಥೆಗೇ ಕೊಡೋಣ.

ಮಹಾನವಮಿಗೆ ಕೂರಿಗೆ, ಕುಂಟೆ, ಮಗ್ಗಗಳ ಪಕ್ಕದಲ್ಲಿ ಈಗ ಕಂಪ್ಯೂಟರಿಗೂ ನಾವು ಕುಂಕುಮ ಹಚ್ಚುತ್ತೇವೆ. ಪೂಜೆ ಮಾಡಿದ ಕೈಯೇ ಅದರ ಧೂಳು ಒರೆಸಿ ದುರಸ್ತಿಯನ್ನೂ ಮಾಡಲಿ. ಇಂದು ಸಂಜೆ ದೀಪ ಹಚ್ಚಿದ ಮೇಲೆ ಒಂದು ಹಾಳೆ ತೆಗೆದುಕೊಂಡು ಆ ಯಂತ್ರದ ಮುಂದೆ ಕೂರಿ, ಮೇಲಿನ ಬಟ್ಟೆ ಸರಿಸಿ. ಮೊದಲ ಸಾಲಿನಲ್ಲಿ ಅದನ್ನು ಕೊಂಡ ವರ್ಷ ಬರೆಯಿರಿ.

ನಿಮ್ಮೂರಿನವನೇ ಆದ,
ಒಬ್ಬ ಅಜ್ಜ
ಪುರ್ತಗೇರಿ